ಕೊಂಕಣ ಸುತ್ತಿ ಮೈಲಾರಕ್ಕೆ



ಹಳೆಯ ನೆನಪುಗಳನ್ನು ಬರೆಯುವುದು ಈ ಪುಟದ ವಾಡಿಕೆ. ಈ ಬಾರಿ ನೆನಪಿನ ಜೊತೆಗೆ ಒಂದು ಜಗಳವನ್ನೂ ತಂದಿದ್ದೇನೆ. ಜಗಳ ಯಾರೊಡನೆ ಎಂದರೆ ನಿಮ್ಮೊಡನೆಯೇ. ನಿಮ್ಮ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಒಂದು ಮಾತಿನೊಡನೆ. ಗಣಕಯಂತ್ರದಲ್ಲಿರುವ ಚಿತ್ರವನ್ನೋ ಬರೆಹವನ್ನೋ ಫೋನಿಗೆ ತರಬೇಕು, ಇಲ್ಲವೇ ಫೋನಿನಲ್ಲಿರುವುದನ್ನು ಗಣಕಕ್ಕೆ ಹಾಕಬೇಕು, ಹೇಗಪ್ಪಾ ಎಂದು ಯಾರನ್ನು ಕೇಳಿದರೂ ಉತ್ತರ ಒಂದೇ: “ಅದಕ್ಕೇನ್ ಸಾರ್, ನಿಮ್ಮ ನಂಬರಿಗೇ ಕಳಿಸ್ಕೊಂಡ್ಬಿಡಿ.” ಈ ಉತ್ತರ ತಪ್ಪು ಎಂಬುದು ನನ್ನ ವಾದ. ಅದು ಸೋಮಾರಿಯ ಉತ್ತರ. ಅದರಿಂದ ನಷ್ಟವಾಗುತ್ತದೆ. ಆ ನಷ್ಟವನ್ನು ಅನುಭವಿಸಿಯೇ ಈ ಮಾತು ಹೇಳುತ್ತಿದ್ದೇನೆ.

ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ಗಣಕಯಂತ್ರವಿರುವ ಮೇಜಿಗೂ ನನ್ನ ಆರಾಮಕುರ್ಚಿಗೂ ನಡುವಿನ ಅಂತರ ಮೂರು ಅಡಿ. ಮೇಜಿನ ಮೇಲಿರುವುದು ಸ್ಥಾವರ, ಅಂಗಿಯ ಜೇಬಿನಲ್ಲಿರುವುದು ಜಂಗಮ. ಎರಡೂ ನನ್ನವೇ. ಹೀಗಿದ್ದೂ ಒಂದರಿಂದ ಇನ್ನೊಂದಕ್ಕೆ ಒಂದು ಚಿತ್ರ ಹೋಗಬೇಕಾದರೆ ಅದು ಮೊದಲು ಬೀದಿಯ ಕಂಬದ ಮೇಲಿನ ತಂತಿ ಹಿಡಿದು, ಎಲ್ಲಿಯೋ ಇರುವ ಯಾವುದೋ ಕಂಪನಿಯ ದೊಡ್ಡ ಗಣಕಗಳನ್ನು ಮುಟ್ಟಿ, ಅಲ್ಲಿಂದ ಮರಳಿ ನನ್ನ ಜೇಬಿಗೆ ಬರಬೇಕಂತೆ! ‘ಕೊಂಕಣ ಸುತ್ತಿ ಮೈಲಾರಕ್ಕೆ ಬಂದ’ ಎಂಬ ಗಾದೆಯನ್ನು ತರಗತಿಯಲ್ಲಿ ನಿಮಗೆ ವಿಸ್ತರಿಸಿ ಬರೆಯಲು ಕೊಡುತ್ತಿದ್ದೆ. ನಮ್ಮ ಹರಿಹರವನ್ನು ದಾಟಿ ತುಂಗಭದ್ರೆಯ ಗುಂಟ ಕೆಳಗೆ ನಡೆದರೆ ಮೈಲಾರ ಸಿಗುತ್ತದೆ. ಅದಕ್ಕೆ ಕೊಂಕಣದ ಹಂಗೇಕೆ ಎಂದು ಬರೆದು ಪೂರ್ಣ ಅಂಕ ಪಡೆದವರೇ ಈಗ ನಿತ್ಯವೂ ಕೊಂಕಣ ಸುತ್ತುತ್ತಿದ್ದೀರಿ.

ಸುತ್ತಿದರೆ ಸುತ್ತಲಿ, ಕ್ಷಣಮಾತ್ರದಲ್ಲಿ ಬರುತ್ತದಲ್ಲ ಎನ್ನುವಿರಿ. ಬರುತ್ತದೆ, ನಿಜ. ಆದರೆ ಹೋದದ್ದೇ ಬರುತ್ತದೆಯೇ? ಅದನ್ನು ಹೇಳಬೇಕಾದರೆ ಗಂಟೆಯಜ್ಜನ ವಿಷಯ ಹೇಳಬೇಕು.

ಹರಿಹರದ ಕಡೆಯ ನಮ್ಮ ಪ್ರೌಢಶಾಲೆಯಲ್ಲಿ ಓದಿದವರಿಗೆ ಗಂಟೆಯಜ್ಜನನ್ನು ಪರಿಚಯಿಸಬೇಕಾಗಿಲ್ಲ. ಹೆಸರಿಗೆ ಜವಾನರು, ಕೆಲಸದಲ್ಲಿ ಅರ್ಧ ಮುಖ್ಯೋಪಾಧ್ಯಾಯರು. ಕಬ್ಬಿಣದ ಕಂಬಿಯ ತುಂಡಿಗೆ ಅವರು ಹೊಡೆಯುತ್ತಿದ್ದ ಪೆಟ್ಟು ಊರಾಚೆಯ ಗದ್ದೆಗೂ ಕೇಳುತ್ತಿತ್ತು. 1993ರ ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ತೆಗೆಸಿದ ಸಮೂಹಚಿತ್ರದಲ್ಲಿ ಅವರು ಕೊನೆಯ ಸಾಲಿನ ಎಡತುದಿಯಲ್ಲಿ ನಿಂತಿದ್ದರು. ಫೋಟೋಕ್ಕೆ ಬರಲೊಲ್ಲೆ ಎಂದವರನ್ನು ಹುಡುಗರು ಕೈಹಿಡಿದು ಎಳೆದುತಂದು ನಿಲ್ಲಿಸಿದ್ದರು. 2016ರಲ್ಲಿ ನಾನು ಆ ಚಿತ್ರವನ್ನು ಮನೆಯಲ್ಲಿಯೇ ಸ್ಕ್ಯಾನ್ ಮಾಡಿದೆ. ಫೋನಿನಲ್ಲಿಯೂ ಇರಲೆಂದು, ನಿಮ್ಮಲ್ಲೊಬ್ಬರ ಸಲಹೆಯಂತೆ, ಒಂದು ಸಂದೇಶ ಸೇವೆಯ ಮೂಲಕ ನನಗೇ ಕಳುಹಿಸಿಕೊಂಡೆ. ಫೋನಿನ ಅಂಗೈಯಗಲದ ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಕಂಡಿತು. ಮೂರು ವರ್ಷಗಳ ಬಳಿಕ ಹಳೆಯ ಗಣಕವನ್ನು ಗುಜರಿಗೆ ಹಾಕುವಾಗ, ‘ಚಿತ್ರಗಳೆಲ್ಲ ಫೋನಿನಲ್ಲಿ ಇವೆಯಲ್ಲ’ ಎಂಬ ಧೈರ್ಯದಿಂದ ಮತ್ತೊಮ್ಮೆ ನೋಡದೆ ಕೊಟ್ಟುಬಿಟ್ಟೆ. ಅಟ್ಟದ ಮೇಲಿದ್ದ ಮೂಲಚಿತ್ರವನ್ನು ಅಷ್ಟರಲ್ಲಿ ಗೆದ್ದಲು ಮುಗಿಸಿತ್ತು.

2023ರಲ್ಲಿ ನೀವು ಗುರುವಂದನೆ ಏರ್ಪಡಿಸಿದ ಮೇಲೆ ಗಂಟೆಯಜ್ಜನ ಮಗಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದರು. “ಅಪ್ಪಂದು ಒಂದು ಫೋಟೋನೂ ಉಳಿದಿಲ್ರೀ ಸಾರ್. ಪಿಂಚಣಿ ಪುಸ್ತಕದಾಗಿದ್ದುದೊಂದು ಮಳೆನೀರಿಗೆ ಹೋತು. ಸಾಲಿ ಫೋಟೋದಾಗ ಅದಾರಂತ, ದೊಡ್ಡದು ಮಾಡಿಸಿ ಕಟ್ಟು ಹಾಕಿಸ್ತೀನಿ” ಎಂದರು. ಫೋನು ತೆರೆದೆ. ಎಡತುದಿಯನ್ನು ಎರಡು ಬೆರಳಿನಿಂದ ಹಿಗ್ಗಿಸಿದೆ. ಹಿಗ್ಗಿದಷ್ಟೂ ಮುಖ ಕರಗಿತು. ರುಮಾಲು ಇತ್ತು, ಅದರ ಕೆಳಗೆ ಕಂದು ಬಣ್ಣದ ನಾಲ್ಕಾರು ಚೌಕಗಳಿದ್ದವು.

ಗಣಿತದಲ್ಲಿ ನಂಬಿಕೆಯಿರುವವರಿಗೆ ಲೆಕ್ಕ ಒಪ್ಪಿಸುತ್ತೇನೆ. ಮೂಲಚಿತ್ರ ಹನ್ನೆರಡು ಅಂಗುಲ ಅಗಲ. ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದ್ದೆ, ಅಂದರೆ ಅಡ್ಡಲಾಗಿ 7200 ಚುಕ್ಕೆ. ಫೋನಿಗೆ ಬಂದದ್ದು ಅಡ್ಡಲಾಗಿ 1600 ಚುಕ್ಕೆಯ ಚಿತ್ರ. ಸ್ಕ್ಯಾನಿನಲ್ಲಿ 180 ಚುಕ್ಕೆ ಅಗಲವಿದ್ದ ಮುಖ 40 ಚುಕ್ಕೆಗೆ ಇಳಿದಿತ್ತು. ಉದ್ದ ಅಗಲ ಎರಡೂ ಇಳಿಯುವುದರಿಂದ ಮುಖದಲ್ಲಿದ್ದ ವಿವರ ಇಪ್ಪತ್ತರಲ್ಲಿ ಒಂದು ಪಾಲಷ್ಟೇ ಉಳಿಯಿತು. ಸಂದೇಶ ಸೇವೆಗಳು ಸಾಗಣೆಯ ಭಾರ ಇಳಿಸಲು ಚಿತ್ರಗಳನ್ನು ಹೀಗೆ ಕುಗ್ಗಿಸುವುದು ಸಾಮಾನ್ಯ. ಚಿತ್ರದ ಬದಲು ದಾಖಲೆಯೆಂದು ಆರಿಸಿ ಕಳುಹಿಸಿದ್ದರೆ ಇದ್ದಂತೆಯೇ ಬರುತ್ತಿತ್ತು ಎಂದು ನನಗೆ ಆಮೇಲೆ ತಿಳಿಯಿತು. ತಪ್ಪು ಯಾರದು? ಪರೀಕ್ಷಿಸದೆ ಅಳಿಸಿದ ನನ್ನದೇ. ಆದರೆ ಸಲಹೆ ಕೊಟ್ಟವರಿಗೂ ಅದು ಗೊತ್ತಿರಲಿಲ್ಲ. ಇಂದಿಗೂ ನಿಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಇನ್ನು ಎರಡನೆಯ ನಷ್ಟ. ಇದು ಕಣ್ಣಿಗೆ ಕಾಣದ್ದು. ಕಳೆದ ವರ್ಷ ಒಂದು ದಾಖಲೆಯ ಮುದ್ರಿತ ಪ್ರತಿ ಬೇಕಾಗಿ ಜೆರಾಕ್ಸ್ ಅಂಗಡಿಯೊಂದಕ್ಕೆ ಹೋಗಿದ್ದೆ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಅಂಗಡಿಯ ಮೊಬೈಲ್ ಸಂಖ್ಯೆ. ಎಲ್ಲರೂ ಆ ಸಂಖ್ಯೆಗೆ ಕಳುಹಿಸುತ್ತಾರೆ, ಹುಡುಗ ಮುದ್ರಿಸಿ ಕೊಡುತ್ತಾನೆ. ಗಣಕದ ಪರದೆ ಗಿರಾಕಿಗಳ ಕಡೆಗೇ ಮುಖ ಮಾಡಿತ್ತು. ನನ್ನ ಸರದಿ ಬರುವಷ್ಟರಲ್ಲಿ ನಾನು ಕಣ್ಣಾರೆ ಕಂಡದ್ದು: ಯಾರದೋ ಆಧಾರ್ ಕಾರ್ಡು, ಯಾರದೋ ಪಹಣಿ, ಒಬ್ಬ ಹೆಣ್ಣುಮಗಳ ಅಂಕಪಟ್ಟಿ, ಒಬ್ಬರ ರಕ್ತಪರೀಕ್ಷೆಯ ವರದಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಹುಡುಗ ಒಳ್ಳೆಯವನೇ. ಆದರೆ ಅವನ ಗಣಕದಲ್ಲಿ ಅರ್ಧ ಊರಿನ ಕಾಗದಪತ್ರಗಳಿವೆ, ಅವನ್ನು ಅಳಿಸುವುದು ಅವನ ಕೆಲಸವೆಂದು ಅವನಿಗೆ ಯಾರೂ ಹೇಳಿಲ್ಲ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ಸ್ಟೆನ್ಸಿಲ್. ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮೇಣದ ಹಾಳೆಯ ಮೇಲೆ ಕೊರೆದು, ಸೈಕ್ಲೋಸ್ಟೈಲ್ ಯಂತ್ರದ ಉರುಳೆಗೆ ಸುತ್ತಿ, ಬಾಗಿಲು ಹಾಕಿಕೊಂಡು ಪ್ರತಿ ತೆಗೆಯುತ್ತಿದ್ದೆವು. ಕೆಟ್ಟ ಪ್ರತಿಗಳನ್ನೂ ಎಣಿಸುತ್ತಿದ್ದೆವು. ಕೆಲಸ ಮುಗಿದೊಡನೆ ಮುಖ್ಯೋಪಾಧ್ಯಾಯರ ಎದುರಿಗೇ ಸ್ಟೆನ್ಸಿಲನ್ನು ಸುಡುತ್ತಿದ್ದೆವು. ಕಡ್ಡಿ ಗೀರುತ್ತಿದ್ದವರು ಗಂಟೆಯಜ್ಜ. ಇಪ್ಪತ್ತೈದು ಅಂಕದ ಸಮಾಜವಿಜ್ಞಾನದ ಪ್ರಶ್ನೆಗಳಿಗೆ ಅಷ್ಟು ಕಾವಲು! ಅದನ್ನು ಕಂಡು ಬೆಳೆದ ನೀವು ನಿಮ್ಮ ಜಮೀನಿನ, ನಿಮ್ಮ ದೇಹದ, ನಿಮ್ಮ ಮಕ್ಕಳ ಕಾಗದಗಳನ್ನು ಗೋಡೆಯ ಮೇಲೆ ಕಂಡ ಸಂಖ್ಯೆಗೆ ಕಳುಹಿಸಿ ನಿಶ್ಚಿಂತರಾಗಿರುತ್ತೀರಿ.

“ಈಗ ಗುಟ್ಟು ಎನ್ನುವುದೇ ಇಲ್ಲ ಸಾರ್, ಎಲ್ಲ ಆಗಲೇ ಸೋರಿಹೋಗಿದೆ” ಎಂದು ನನಗೆ ಬುದ್ಧಿ ಹೇಳುವವರಿದ್ದೀರಿ. ಹಾಗೆ ಹೇಳುವವರಿಗೆ ನಮ್ಮ ನಾಡಿನವರೇ ಆದ ಒಬ್ಬ ನಿವೃತ್ತರನ್ನು ನೆನಪಿಸುತ್ತೇನೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಅವರ ಹೆಸರಿನ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2024ರಲ್ಲಿ ಅವರು ತೀರಿಕೊಂಡರು. ಆ ವಯಸ್ಸಿನವರು ಹೋರಾಡಿ ಗಳಿಸಿಕೊಟ್ಟ ಹಕ್ಕನ್ನು ನಾವು ಎರಡು ರೂಪಾಯಿಯ ಒಂದು ಪ್ರತಿಗಾಗಿ ಅಂಗಡಿಯ ಮೇಜಿನ ಮೇಲೆ ಬಿಟ್ಟುಬರುವುದೇ?

ಇನ್ನೊಂದು ಆಕ್ಷೇಪವುಂಟು, ಅದು ತಕ್ಕಮಟ್ಟಿಗೆ ನ್ಯಾಯವಾದದ್ದು. ದೊಡ್ಡ ಸಂದೇಶ ಸೇವೆಗಳು ಸಂದೇಶವನ್ನು ಗೂಢಲಿಪಿಗೆ ತಿರುಗಿಸಿಯೇ ಕಳುಹಿಸುತ್ತವೆ, ನಡುದಾರಿಯಲ್ಲಿ ಓದಲಾಗದು ಎನ್ನುತ್ತೀರಿ. ಒಪ್ಪಿದೆ. ಆದರೆ ಸೋರುವುದು ನಡುದಾರಿಯಲ್ಲಲ್ಲ, ದಾರಿಯ ಕೊನೆಯಲ್ಲಿ. ಲಕೋಟೆಗೆ ಎಷ್ಟು ಅರಗು ಹಾಕಿದರೇನು, ಒಡೆದ ಪತ್ರವನ್ನು ಅಂಗಡಿಯ ಕಟ್ಟೆಯ ಮೇಲೆ ಹರಡಿಟ್ಟ ಮೇಲೆ? ಅಮೆರಿಕದಲ್ಲಿರುವ ಮಗಳಿಗೆ ಚಿತ್ರ ಕಳುಹಿಸಲು ಅಂತರಜಾಲ ಬೇಕೇಬೇಕು. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಫೋನು ಕಳೆದರೂ ಚಿತ್ರ ಉಳಿಯಲೆಂದು ಮೂಲ ಅಳತೆಯಲ್ಲಿಯೇ ಇನ್ನೊಂದು ಪ್ರತಿಯನ್ನು ದೂರದಲ್ಲಿ ಇರಿಸಿಕೊಳ್ಳುವುದೂ ಒಳ್ಳೆಯದೇ. ನನ್ನ ಜಗಳವೆಲ್ಲ ಮೂರು ಅಡಿಯ ದೂರದ್ದು.

ಮೂರು ಅಡಿ ದೂರಕ್ಕೆ ತಂತಿಯೂ ಬೇಡ, ಅಂತರಜಾಲವೂ ಬೇಡ. ಈ ಮಾತನ್ನು ನಂಬದವರೇ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿಯೇ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ವಿದ್ಯುತ್ಕಾಂತೀಯ ಅಲೆಗಳನ್ನು ಗೋಡೆಗಳಾಚೆಗೆ ಕಳುಹಿಸಿ ದೂರದಲ್ಲಿದ್ದ ಗಂಟೆಯೊಂದನ್ನು ಬಾರಿಸಿ ತೋರಿಸಿದ್ದರು. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅವರ ಆ ಕೇಂದ್ರದ ಹೆಸರು ‘ಆಕಾಶವಾಣಿ’. ಒಬ್ಬ ಮೇಷ್ಟ್ರು ತಮ್ಮ ಮನೆಯಿಂದ ಇಡೀ ಮೈಸೂರಿಗೆ ನಿಸ್ತಂತುವಾಗಿ ಮಾತು ಕಳುಹಿಸಿ ತೊಂಬತ್ತು ವರ್ಷಗಳಾದವು. ಇನ್ನೊಬ್ಬ ಮೇಷ್ಟ್ರು ತನ್ನ ಮೇಜಿನಿಂದ ಜೇಬಿಗೆ ಒಂದು ಚಿತ್ರ ಕಳುಹಿಸಲಾರನೇ?

ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಬ್ಲೂಟೂತ್. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತನ ಹೆಸರು ಅದು. ಬೇರೆ ಬೇರೆ ಕಂಪನಿಗಳ ಉಪಕರಣಗಳನ್ನು ಒಂದುಗೂಡಿಸಲು ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಕಂಪನಿಗಳು 1998ರಲ್ಲಿ ಕೂಡಿ ಮುಂದೆ ತಂದ ವ್ಯವಸ್ಥೆ. ಅದರ ನಡಿಗೆ ನಿಧಾನ. ಸೆಕೆಂಡಿಗೆ ಎರಡು ಮೆಗಾಬಿಟ್ ಎಂದು ಹಿಡಿದರೆ ಒಂದು ಗಿಗಾಬೈಟಿನ, ಅಂದರೆ ಸುಮಾರು ಎಂಟು ಸಾವಿರ ಮೆಗಾಬಿಟ್‌ಗಳ, ವಿಡಿಯೊ ಸಾಗಲು ನಾಲ್ಕು ಸಾವಿರ ಸೆಕೆಂಡು. ಒಂದು ಗಂಟೆಗೂ ಮಿಗಿಲು. ನಾಲ್ಕು ಪುಟದ ದಾಖಲೆಗೆ ಸಾಕು, ಮದುವೆಯ ವಿಡಿಯೊಗೆ ಸಾಲದು. ಎರಡನೆಯದು ವೈಫೈ. ಮನೆಯ ವೈಫೈ ಸೆಕೆಂಡಿಗೆ ನೂರು ಮೆಗಾಬಿಟ್ ಸಾಗಿಸಿದರೂ ಅದೇ ವಿಡಿಯೊ ಎಂಬತ್ತು ಸೆಕೆಂಡಿನಲ್ಲಿ ಮುಗಿಯಿತು.

ಇಲ್ಲಿ ಒಂದು ಭ್ರಮೆಯನ್ನು ಕಳೆಯಬೇಕು. ವೈಫೈ ಬೇರೆ, ಅಂತರಜಾಲ ಬೇರೆ. ಮನೆಯ ಮೂಲೆಯಲ್ಲಿ ಮಿಣುಕುವ ಆ ಪೆಟ್ಟಿಗೆ, ಅಂದರೆ ರೌಟರ್, ಎರಡು ಕೆಲಸ ಮಾಡುತ್ತದೆ: ಹೊರಜಗತ್ತಿಗೆ ಬಾಗಿಲು ತೆರೆಯುವುದು ಒಂದು, ಮನೆಯೊಳಗಿನ ಉಪಕರಣಗಳ ನಡುವೆ ಮಾತು ಸಾಗಿಸುವುದು ಇನ್ನೊಂದು. ತಿಂಗಳ ಹಣ ಕಟ್ಟದೆ ಬಾಗಿಲು ಮುಚ್ಚಿಹೋದರೂ ಪಡಸಾಲೆಯಿಂದ ಅಡುಗೆಮನೆಗೆ ಹೋಗಲು ಅಡ್ಡಿಯೇನು? ಹಾಗೆಯೇ ಇದು. ರೌಟರೇ ಇಲ್ಲದ ಮನೆಯಲ್ಲಿ ಫೋನಿನ ಹಾಟ್‌ಸ್ಪಾಟ್ ಹಾಕಿ ಗಣಕವನ್ನು ಅದಕ್ಕೆ ಸೇರಿಸಿದರೆ ಸಾಕು.

ನಾನು ಈಗ ಅನುಸರಿಸುವ ಕ್ರಮ ಸರಳ. ಲೋಕಲ್‌ಸೆಂಡ್ ಎಂಬ ಉಚಿತ ತಂತ್ರಾಂಶ ಗಣಕದಲ್ಲಿಯೂ ಫೋನಿನಲ್ಲಿಯೂ ಇದೆ. ಅದರ ಮೂಲಸಂಕೇತ ಎಲ್ಲರಿಗೂ ಮುಕ್ತ, ಖಾತೆ ತೆರೆಯುವ ಗೋಜಿಲ್ಲ. ಎರಡನ್ನೂ ಒಂದೇ ವೈಫೈಗೆ ಸೇರಿಸಿ ತೆರೆದರೆ ಒಂದಕ್ಕೊಂದು ಕಾಣಿಸಿಕೊಳ್ಳುತ್ತವೆ. ಕಡತವನ್ನು ಆರಿಸಿ, ಎದುರಿನ ಹೆಸರನ್ನು ಒತ್ತಿ, ಆ ಕಡೆ ಒಪ್ಪಿಗೆ ಕೊಟ್ಟರೆ ಮುಗಿಯಿತು. ಗೂಗಲ್‌ನವರ ಕ್ವಿಕ್ ಶೇರ್, 2024ಕ್ಕೆ ಮೊದಲು ಅದಕ್ಕೆ ನಿಯರ್‌ಬೈ ಶೇರ್ ಎನ್ನುತ್ತಿದ್ದರು, ವಿಂಡೋಸ್ ಗಣಕಕ್ಕೂ ದೊರೆಯುತ್ತದೆ. ಅದರಲ್ಲಿ ‘ಎಲ್ಲರಿಗೂ ಕಾಣಿಸು’ ಎಂಬುದನ್ನು ಸದಾ ತೆರೆದಿಡಬೇಡಿ. ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತನೂ ನಿಮ್ಮ ಬಾಗಿಲು ತಟ್ಟಿಯಾನು. ವಿಂಡೋಸ್ ಗಣಕಕ್ಕೆ ಬ್ಲೂಟೂತಿನಲ್ಲಿ ಕಳುಹಿಸುವವರು ಮೊದಲು ಗಣಕದಲ್ಲಿ ‘ಕಡತ ಸ್ವೀಕರಿಸು’ ಎಂಬ ಆಯ್ಕೆಯನ್ನು ತೆರೆದು ಕಾಯಿಸಬೇಕು. ಇದೊಂದು ತಿಳಿಯದೆ ನಾನು ಎರಡು ದಿನ ಫೋನನ್ನು ಬಯ್ದಿದ್ದೇನೆ. ಅಂಗಡಿಗೆ ಹೋಗಲೇಬೇಕಾದಾಗ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಪ್ರತಿಯನ್ನು ಒಯ್ಯಿರಿ. ಪ್ರಾಧಿಕಾರವೇ ಅದನ್ನು ಕೊಡುತ್ತದೆ. ಮುದ್ರಣ ಮುಗಿದ ಮೇಲೆ ‘ಅಳಿಸಪ್ಪಾ’ ಎಂದು ಹೇಳಿ, ಅಳಿಸುವ ತನಕ ನಿಲ್ಲಿ. ಸ್ಟೆನ್ಸಿಲ್ ಸುಡುವುದನ್ನು ನೋಡಿಯೇ ಹೊರಡಬೇಕು.

ಇಷ್ಟು ಸುಲಭವಾದದ್ದು ನಮ್ಮ ರೂಢಿಗೆ ಏಕೆ ಬರಲಿಲ್ಲ? ಒಂದು ಕಾಲದಲ್ಲಿ ಬಂದಿತ್ತು. ಶೇರ್‌ಇಟ್ ಎಂಬುದನ್ನು ನನ್ನ ಮೊದಲ ಫೋನಿಗೆ ಹಾಕಿಕೊಟ್ಟವರು ನೀವೇ. ಅಂತರಜಾಲವಿಲ್ಲದೆ, ಫೋನುಗಳ ನಡುವಿನ ನೇರ ವೈಫೈಯಲ್ಲಿಯೇ ಅದು ಸಾಗಿಸುತ್ತಿತ್ತು. ಜೊತೆಗೆ ಜಾಹೀರಾತಿನ ಜಾತ್ರೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಇತ್ತು, ಕ್ಸೆಂಡರೂ ಇತ್ತು. ಮರುವರ್ಷ ಟ್ರೆಂಡ್ ಮೈಕ್ರೋ ಸಂಸ್ಥೆಯ ತಜ್ಞರು ಶೇರ್‌ಇಟ್‌ನ ಆಂಡ್ರಾಯ್ಡ್ ರೂಪದಲ್ಲಿ ಭದ್ರತೆಯ ದೋಷಗಳನ್ನೂ ತೋರಿಸಿದರು. ನಿಷೇಧ ಬೇಡವಿತ್ತೆಂದು ನಾನು ಹೇಳುವುದಿಲ್ಲ. ಆದರೆ ಆ್ಯಪ್ ಹೋದಾಗ ಅದರೊಡನೆ ವಿದ್ಯೆಯೂ ಹೋಯಿತು. ಕೆಲಸದ ಹಿಂದಿನ ತತ್ತ್ವವನ್ನು ಕಲಿಯದೆ ಗುಂಡಿಯೊತ್ತುವುದನ್ನು ಮಾತ್ರ ಕಲಿತಿದ್ದೆವು. ಗುಂಡಿ ಮಾಯವಾದೊಡನೆ ದಾರಿಯೇ ಇಲ್ಲವೆಂದುಕೊಂಡು ಎಲ್ಲರೂ ಕೊಂಕಣದ ಕಡೆ ಹೊರಟೆವು.

ಕಂಪನಿಗಳೂ ಸಾಚಾ ಅಲ್ಲ. ಆ್ಯಪಲ್‌ನವರ ಏರ್‌ಡ್ರಾಪ್ ಬಂದದ್ದು 2011ರಲ್ಲಿ. ವರ್ಷಗಳ ಕಾಲ ಅದು ಆ್ಯಪಲ್ ಉಪಕರಣಗಳ ಪಂಕ್ತಿಯಲ್ಲಿ ಮಾತ್ರ ಬಡಿಸುವ ಊಟವಾಗಿತ್ತು. 2025ರ ನವೆಂಬರಿನಲ್ಲಷ್ಟೇ ಗೂಗಲ್ ತನ್ನ ಪಿಕ್ಸೆಲ್ 10 ಫೋನುಗಳಿಂದ ಆರಂಭಿಸಿ ಕ್ವಿಕ್ ಶೇರ್ ಅದರೊಡನೆ ಮಾತಾಡುವಂತೆ ಮಾಡಿತು. ಎರಡು ಫೋನುಗಳು ಪಕ್ಕಪಕ್ಕದಲ್ಲಿದ್ದೂ ಮಾತಾಡದಂತೆ ಗೋಡೆ ಕಟ್ಟಿದರೆ ಬಡಪಾಯಿ ಗಿರಾಕಿ ಸುತ್ತುಬಳಸಿನ ದಾರಿ ಹಿಡಿಯದೆ ಇನ್ನೇನು ಮಾಡಿಯಾನು?

ಕನ್ನಡಿಗರಾದ ನಮಗೆ ಮತ್ತೊಂದು ತೊಡಕು. ಕಡತ ತಲುಪಿದರೂ ಅಕ್ಷರ ತಲುಪುವುದಿಲ್ಲ. ಹಳೆಯ ನುಡಿ ತಂತ್ರಾಂಶದ ಅಕ್ಷರಶೈಲಿಗಳಲ್ಲಿ ನಾನು ಬೆರಳಚ್ಚು ಮಾಡಿದ್ದ ನೂರಾರು ಪುಟಗಳಿವೆ. ಫೋನಿನಲ್ಲಿ ತೆರೆದರೆ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿದ ಚಿತ್ರಾನ್ನ. ಆ ಶೈಲಿಗಳಲ್ಲಿ ಕನ್ನಡದ ರೂಪಗಳನ್ನು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಲಾಗಿತ್ತು. ಆ ಶೈಲಿಯಿಲ್ಲದ ಫೋನು ವೇಷ ಕಳಚಿ ಒಳಗಿನದನ್ನು ತೋರಿಸುತ್ತದೆ. ಇದನ್ನು ‘ಕಳುಹಿಸುವಾಗ ಕೆಟ್ಟಿತು’ ಎಂದುಕೊಂಡು ಹತ್ತು ಸಲ ಕಳುಹಿಸಿದವರುಂಟು. ಕಳುಹಿಸುವ ಮುನ್ನ ಗಣಕದಲ್ಲಿಯೇ ಯೂನಿಕೋಡಿಗೆ ಪರಿವರ್ತಿಸಿ; ಆಗದಿದ್ದರೆ ಅಕ್ಷರಶೈಲಿಯನ್ನು ಒಳಗಿರಿಸಿಕೊಂಡ ಪಿಡಿಎಫ್ ಮಾಡಿ. ದಾರಿ ಸರಿಯಿದ್ದರಷ್ಟೇ ಸಾಲದು, ಹೊರಟದ್ದು ಹೊರಟ ರೂಪದಲ್ಲಿಯೇ ತಲುಪಬೇಕು.

ದಾವಣಗೆರೆ 2016ರಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ನಗರಗಳ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಊರು ಸ್ಮಾರ್ಟ್, ಜೇಬಿನ ಫೋನು ಸ್ಮಾರ್ಟ್. ನಾವು ಮಾತ್ರ ನಮ್ಮ ಮನೆಯೊಳಗಿನ ಮೂರು ಅಡಿಯನ್ನು ದಾಟಲಾರೆವು. ಇದರಲ್ಲಿ ಮೇಷ್ಟ್ರಾದ ನನ್ನ ಪಾಲೂ ಇದೆ. ಮಾರ್ಕೋನಿಯ ಹೆಸರನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದೆ. ಗಣಕದ ಭಾಗಗಳನ್ನು ಗುರುತಿಸುವ ಚಿತ್ರವನ್ನು ಬರೆಸಿದೆ. ನಿಮ್ಮ ವಸ್ತುವನ್ನು ನೀವೇ ಕಾಯ್ದುಕೊಳ್ಳುವುದು ಹೇಗೆಂದು ಹೇಳಿಕೊಡಲಿಲ್ಲ. ಆಗ ನನಗೇ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಆದ್ದರಿಂದ ಹೇಳುತ್ತಿದ್ದೇನೆ. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ನಾಲ್ಕಾರು ಮಂದಿ ಇದ್ದೀರಿ. ಒಂದು ಅವಧಿಯನ್ನು ಇದಕ್ಕಾಗಿ ತೆಗೆದಿಡಿ. ಮಕ್ಕಳೆದುರು ರೌಟರಿನ ಅಂತರಜಾಲದ ತಂತಿಯನ್ನು ಕಿತ್ತು, ಆಮೇಲೆ ಒಂದು ಕಡತವನ್ನು ಗಣಕದಿಂದ ಫೋನಿಗೆ ಕಳುಹಿಸಿ ತೋರಿಸಿ. ಅವರು ಅದನ್ನು ಮರೆಯುವುದಿಲ್ಲ.

ಕಡೆಯದಾಗಿ ಒಂದು ಬೇಡಿಕೆ, ಇದು ವಾದವಲ್ಲ. 1993ರ ತಂಡದವರಲ್ಲಿ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಆ ಸಮೂಹಚಿತ್ರದ ಕಾಗದದ ಪ್ರತಿ ಉಳಿದಿರಬಹುದು. ಇದ್ದರೆ ಫೋನಿನಲ್ಲಿ ಚಿತ್ರ ತೆಗೆದು ಕಳುಹಿಸುವ ಕಷ್ಟ ತೆಗೆದುಕೊಳ್ಳಬೇಡಿ. ಚಿತ್ರವನ್ನೇ ಹಿಡಿದುಕೊಂಡು ಮನೆಗೆ ಬನ್ನಿ, ಊಟ ಮಾಡಿಕೊಂಡು ಹೋಗುವಿರಂತೆ. ಈ ಸಲ ಸರಿಯಾಗಿ ಸ್ಕ್ಯಾನ್ ಮಾಡಿ, ನಿಮ್ಮೆದುರಿಗೇ ನಿಮ್ಮ ಫೋನಿಗೂ ನನ್ನ ಫೋನಿಗೂ ಕುಗ್ಗದಂತೆ ಹಾಕುತ್ತೇನೆ. ಗಂಟೆಯಜ್ಜನ ಮಗಳಿಗೆ ‘ವಿಚಾರಿಸುತ್ತೇನಮ್ಮಾ’ ಎಂದು ಹೇಳಿ ಕಳುಹಿಸಿದ್ದೇನೆ. ಅವರು ಇನ್ನೂ ಕಾಯುತ್ತಿದ್ದಾರೆ.

ಇಂತು ನಿಮ್ಮ ಮೇಷ್ಟ್ರು,
ಕೆ.ಬಿ. ಬಡಾವಣೆ, ದಾವಣಗೆರೆ